ಜಮಖಾನದ ಕೆಳಗಿನ ಹಾಡು

ಕಳೆದ ಭಾನುವಾರ ನಮ್ಮ ಕನ್ನಡ ಸಂಘದಲ್ಲಿ ಒಬ್ಬರಿಗೆ ಶಾಲು ಹೊದಿಸಿದರು. ಯಾಕೆ ಗೊತ್ತೆ? ಕಳೆದೇ ಹೋಗದ ಹಾಡುಗಳನ್ನು ಹುಡುಕಿಕೊಟ್ಟಿದ್ದಕ್ಕೆ.

ಆ ಹಾಡುಗಳನ್ನು ಕಳೆದವಳು ಎಂದು ವರ್ಷವಿಡೀ ಬೈಸಿಕೊಂಡವಳು ನಾನು. ಸಮಾರಂಭಕ್ಕೆ ನನಗೂ ಆಮಂತ್ರಣ ಬಂದಿತ್ತು (ಚಪ್ಪಾಳೆಗೆ ಜನ ಬೇಕಲ್ಲ).

ವೆಸ್ಟ್ ಮಾಂಬಲಂನ ಒಂದು ಗಲ್ಲಿಯಲ್ಲಿ ಸಂಘದ ಕೋಣೆ. ಅಲ್ಲೊಂದು ಮುದಿ ಕಂಪ್ಯೂಟರ್. ಚೆನ್ನೈನ ಕನ್ನಡದ ಹೆಂಗಸರ ಬಾಯಲ್ಲಿ ಉಳಿದಿರುವ ಹಸೆಹಾಡು, ಜೋಗುಳಗಳನ್ನು ರೆಕಾರ್ಡ್ ಮಾಡಿ ಅದರೊಳಗೆ ತುಂಬುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಪೆರಂಬೂರಿನಲ್ಲಿ ಲೋಕಲ್ ಹತ್ತಿ, ಸೆಂಟ್ರಲ್‌ನಲ್ಲಿ ಇಳಿದು, ರಸ್ತೆ ದಾಟಿ, ಪಾರ್ಕ್ ಸ್ಟೇಷನ್ನಿನಲ್ಲಿ ಮತ್ತೆ ಹತ್ತಿ ಮಾಂಬಲಂ ತಲುಪುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಯಾರು ಮಾಡೆಂದರು? ಯಾರೂ ಇಲ್ಲ.

ಹಾಡಿದವರಲ್ಲಿ ಪದ್ಮಕ್ಕ ಒಬ್ಬರು. ಉಡುಪಿ ಕಡೆಯವರು, ಗಂಡ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಕಾಯಿಲೆಯ ಗಂಟಲಿನಲ್ಲೇ ಒಂದು ಜೋಗುಳ ಹಾಡಿ ಮುಗಿಸಿ, ಮೈಕನ್ನು ಸೆರಗಿನಿಂದ ಒರೆಸಿಕೊಟ್ಟರು. "ನಾನು ಹೋದ ಮೇಲೆ ಶೈಲಂಗೆ ಇದನ್ನ ಕೇಳಿಸು ಮಾರಾಯ್ತಿ. ಈಗ ಅವ್ಳಿಗೆ ಕೇಳ್ಲಿಕ್ಕೆ ಪುರುಸೊತ್ತಿಲ್ಲ" ಎಂದರು. ಶೈಲಾ ಅವರ ಒಬ್ಬಳೇ ಮಗಳು. ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ.

ಆಮೇಲೆ ಬಂದರು ನಮ್ಮ ಕಾರ್ಯದರ್ಶಿಗಳ ಅಳಿಯಂದಿರು. ಕ್ರೋಂಪೇಟೆಯಲ್ಲಿ ಮನೆ, ಕಂಪ್ಯೂಟರ್ ಪಾಠ ಹೇಳುವ ಕೆಲಸ. ಹಳೆಯ ಡಿಸ್ಕಿನಲ್ಲಿ ಜಾಗ ಸಾಲದು, ಹೊಸದೊಂದು ಜೋಡಿಸಿಕೊಡುತ್ತೇನೆ ಎಂದರು. ಕಂಪ್ಯೂಟರ್ ಆಫ್ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಮಲಗಿದರೆ ಮತ್ತೆ ಏಳದಂಥ ಯಂತ್ರ ಅದು. ಓಡುತ್ತಿದ್ದ ಹಾಗೇ ಹೊಸ ಡಿಸ್ಕ್ ಸಿಕ್ಕಿಸಿ, ಏನೋ ಕಮಾಂಡ್ ಕುಟ್ಟಿದರು. ನಮಗೆಲ್ಲ ಅಭ್ಯಾಸವಾಗಿದ್ದ 'ಹಾಡು' ಎಂಬ ಫೋಲ್ಡರಿಗೇ ಅದನ್ನು ಮೌಂಟ್ ಮಾಡಿದರು, ಅಂದರೆ ಆ ಫೋಲ್ಡರ್ ತೆರೆದರೆ ಹೊಸ ಡಿಸ್ಕೇ ತೆರೆದುಕೊಳ್ಳುವ ಹಾಗೆ ಜೋಡಿಸಿದರು. ಮುದುಕರು ಹೊಸ ಜಾಗ ಹುಡುಕಿ ಒದ್ದಾಡಬಾರದು ಎಂಬ ಕರುಣೆಯಂತೆ.

ತೆರೆದು ನೋಡಿದರೆ ಫೋಲ್ಡರ್ ಖಾಲಿ! ಒಂದು ಹಾಡೂ ಇಲ್ಲ.

ಅಳಿಯಂದಿರು ಕೈ ತೊಳೆದುಕೊಂಡರು. ಡಿಸ್ಕ್ ಏನನ್ನೂ ತಿನ್ನುವುದಿಲ್ಲ, ಮೊದಲೇ ಯಾರೋ ಅಳಿಸಿರಬೇಕು ಎಂದರು. ಹಿಂದಿನ ದಿನ ಅಲ್ಲಿ ಕೂತಿದ್ದವರು ಯಾರು? ನಾನು. ಮುಗಿಯಿತಲ್ಲ. ಸಮಿತಿಯ ಸಭೆಯಲ್ಲಿ ಕಾರ್ಯದರ್ಶಿಗಳು ಕನ್ನಡಕ ಒರೆಸುತ್ತಾ, "ಏನೋ ಗೊತ್ತಿಲ್ದೆ ಒತ್ಬಿಟ್ಟಿದೀರ, ಬಿಡೀಮ್ಮ. ಇನ್ನು ಮೇಲೆ ಕಂಪ್ಯೂಟರ್ ಹತ್ರ ಹೋಗ್ಬೇಡಿ" ಎಂದರು. ನಾನು ಒತ್ತಿಲ್ಲ ಎಂದೆ. ಅಲ್ಲಿದ್ದವರೆಲ್ಲ ಕಾಫಿ ಲೋಟ ನೋಡುತ್ತಾ ಕೂತರು. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಪದ್ಮಕ್ಕ ಹೋದರು. ವೈಕುಂಠ ಸಮಾರಾಧನೆಯ ದಿನ ಅಮ್ಮನ ಜೋಗುಳ ಹಾಕಬೇಕೆಂದು ಶೈಲಾ ಸಂಘಕ್ಕೆ ಫೋನ್ ಮಾಡಿದಳು. ಅದನ್ನು ನಾನು ಅಳಿಸಿಬಿಟ್ಟೆನೆಂದು ಅವಳಿಗೆ ಅಲ್ಲಿಂದಲೇ ಉತ್ತರ ಹೋಯಿತು. ಊಟದ ಪಂಕ್ತಿಯಲ್ಲಿ ಎಲ್ಲರನ್ನೂ ವಿಚಾರಿಸುತ್ತಾ ಅವಳು ನನ್ನ ಎಲೆಯ ಮುಂದೆ ಬಂದು, ಏನು ಬೇಕೆಂದು ಕೇಳದೆ ಮುಂದೆ ಹೋದಳು.

ಈಗ, ಹೋದ ತಿಂಗಳು, ಅಳಿಯಂದಿರಿಗೆ ಸ್ವಂತಕ್ಕೆ ಡಿಸ್ಕ್ ಬೇಕಾಯಿತು. ಬಂದು ಬಿಚ್ಚಿಕೊಂಡರು. ನೋಡಿದರೆ ಹಳೆಯ ಫೋಲ್ಡರಿನಲ್ಲಿ ಹಾಡುಗಳೆಲ್ಲ ಇದ್ದ ಹಾಗೇ ಇವೆ!

ಬ್ಯಾಂಕಿನಲ್ಲಿ ಇಂಥ ಯಂತ್ರಗಳನ್ನು ನೋಡಿಕೊಳ್ಳುವ ನನ್ನ ತಮ್ಮನನ್ನು ಕೇಳಿದೆ. ಅವನು ನಕ್ಕ. ಹಾಸಿದ ಜಮಖಾನದ ಮೇಲೆ ಇನ್ನೊಂದು ಹಾಸಿದ ಹಾಗಂತೆ ಇದು. ಕೆಳಗಿನದು ಎಲ್ಲಿಗೂ ಹೋಗಿರುವುದಿಲ್ಲ, ಮೇಲಿನದನ್ನು ತೆಗೆಯುವ ತನಕ ಕಾಣುವುದಿಲ್ಲ ಅಷ್ಟೆ. ಒಬ್ಬರಾದರೂ ಒಂದು ಮೂಲೆ ಎತ್ತಿ ನೋಡಬಹುದಿತ್ತಲ್ಲ? ಹೆಂಗಸಿನ ತಪ್ಪು ಅಷ್ಟು ಸಲೀಸಾಗಿ ಸಿಕ್ಕಿರುವಾಗ ಎತ್ತಿ ನೋಡುವ ಶ್ರಮ ಯಾರಿಗೆ ಬೇಕು?

ಹಾಡು ಹುಡುಕಿಕೊಟ್ಟವರು ಅಳಿಯಂದಿರು ಎಂದಾಯಿತು. ಹಾಗಾಗಿ ಶಾಲು, ಹಾರ, ಹಣ್ಣಿನ ತಟ್ಟೆ. ಅಳಿಯಂದಿರ ಪರಿಶ್ರಮದ ಬಗ್ಗೆ ಕಾರ್ಯದರ್ಶಿಗಳು ಭಾಷಣ ಮಾಡಿದರು. ನಮ್ಮ ಸಂಘದಲ್ಲಿ ಸನ್ಮಾನಕ್ಕೆ ಪದ್ಧತಿಯಿದೆ, ಕ್ಷಮೆ ಕೇಳುವುದಕ್ಕೆ ಇಲ್ಲ. ಕೊನೆಗೆ ಪದ್ಮಕ್ಕನ ಜೋಗುಳವನ್ನೇ ಹಾಕಿದರು. ಸಭೆಯಲ್ಲಿ ಶೈಲಾ ಇರಲಿಲ್ಲ. ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ನಾನೇ ಫೋನ್ ಮಾಡಿದೆ. ಅಮ್ಮನ ಹಾಡು ಸಿಕ್ಕಿದೆ, ತಂದುಕೊಡಲೇ ಎಂದು ಕನ್ನಡದಲ್ಲಿ ಕೇಳಿದೆ. ಅವಳು "ಇಪ್ಪೊ ಎದುಕ್ಕು ಆಂಟಿ?" ಎಂದಳು. ಈಗ ಯಾಕೆ ಅಂತ. ತಮಿಳಿನಲ್ಲೇ ಅಂದು ಫೋನ್ ಇಟ್ಟಳು.

ಹಾಡಿನ ಮೇಲೆ ಕೂತಿದ್ದ ಡಿಸ್ಕನ್ನು ತೆಗೆದರು, ಸಂತೋಷ. ನನ್ನ ಹೆಸರಿನ ಮೇಲೆ ಕೂತಿರುವುದನ್ನು ತೆಗೆಯುವ ಕಮಾಂಡ್ ಯಾವುದು ಸ್ವಾಮಿ?