ಏಳನೆಯ ಕಾರು, ಐದನೆಯ ಬಟ್ಟೆ

ನನ್ನ ಭಾವ ಮೆದಾರ್ದೋ ಜಿರೋನಿ ಪುಕ್ಕಲನೆಂದು ಇಟಲಿಯ ಮೋದೆನಾದ ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಒಬ್ಬನೂ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನೆದುರು ಕೈ ಚಾಚಿ ನಿಂತವನಲ್ಲ. ಮೆದಾರ್ದೋ ನಿಂತಿದ್ದ. ಆ ಕಾರಿನಲ್ಲಿ ಕೂತಿದ್ದವನು ನಾನು.

ನಮ್ಮ ಕಾರ್ಖಾನೆ ಎಂದರೆ ಹನ್ನೆರಡು ಜನ, ಒಂದು ತಗಡಿನ ಶೆಡ್ಡು. ಓಟಕ್ಕೆಂದೇ ನಾವು ಮಾಡಿದ ಆ ಕೆಂಪು ಕಾರುಗಳು ಒಟ್ಟು ಒಂಬತ್ತೇ. ಈಗ ಉಳಿದ ನಾಲ್ಕನ್ನು ಶ್ರೀಮಂತರು ಕೊಂಡು ಬೀಗ ಹಾಕಿಟ್ಟಿದ್ದಾರೆ. ಆರತಿ ಎತ್ತುವುದೊಂದು ಬಾಕಿ. ಆಗ ನಾವು ಅವುಗಳ ಅಲ್ಯೂಮಿನಿಯಂ ಮೈಯನ್ನು ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಬಡಿದು ರೂಪಕ್ಕೆ ತರುತ್ತಿದ್ದೆವು. ಎಡಮೈಗೆ ಒಬ್ಬ, ಬಲಮೈಗೆ ಇನ್ನೊಬ್ಬ. ಹಾಗಾಗಿ ಯಾವ ಕಾರಿನ ಎರಡು ಮಗ್ಗುಲೂ ಒಂದೇ ತರಹ ಇರುತ್ತಿರಲಿಲ್ಲ.

ಬೆಸುಗೆ ಮಾತ್ರ ಮೆದಾರ್ದೋನದು. ಅಲ್ಯೂಮಿನಿಯಂ ಎಷ್ಟು ಕಾದರೂ ಕೆಂಪಗಾಗುವುದಿಲ್ಲ, ಸುಳಿವೇ ಕೊಡದೆ ಕರಗಿ ತೂತು ಬೀಳುತ್ತದೆ. ಅವನು ತಗಡಿಗೆ ಬಟ್ಟೆ ಸೋಪು ಉಜ್ಜಿ, ಅದು ಕಂದುಬಣ್ಣಕ್ಕೆ ತಿರುಗುವುದನ್ನು ನೋಡಿ ಕಾವು ಹೇಳುತ್ತಿದ್ದ. ಪೆಟ್ರೋಲ್ ಟ್ಯಾಂಕಿನ ಬಾಯನ್ನು ಅರದಿಂದ ಉಜ್ಜುವಾಗ ಲೋಹದ ಪುಡಿ ಒಳಗೆ ಬೀಳದಂತೆ ಬಾಯೊಳಗೆ ಆಳಕ್ಕೆ ಬಟ್ಟೆ ತುರುಕುವುದು ನಮ್ಮಲ್ಲಿ ರೂಢಿ. ಅವನ ಬಳಿ ಅಂಥ ಐದು ಬಟ್ಟೆಗಳಿದ್ದವು, ತಾಯಿಯ ಹಳೆಯ ಹಾಸುಬಟ್ಟೆಯಿಂದ ಹರಿದವು. ಅವನ ತಂಗಿ, ಅಂದರೆ ನನ್ನ ಹೆಂಡತಿ ಇರೀಡೆ, ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿಕೊಟ್ಟಿದ್ದಳು. ಸಂಜೆ ಐದು ಮೊಳೆಗೆ ಐದು ಬಟ್ಟೆ ತೂಗುಹಾಕಿದ ಮೇಲೆಯೇ ಅವನು ಕೈ ತೊಳೆಯುತ್ತಿದ್ದುದು.

೧೯೫೫ರ ಮೇ ತಿಂಗಳ ಒಂದು ಶನಿವಾರ ಆ ಕ್ರಮ ತಪ್ಪಿತು. ಮರುದಿನ ಬೆಟ್ಟದ ಕಡೆಗೆ ರಸ್ತೆ ಓಟ. ಏಳನೆಯ ಕಾರಿನ ಟ್ಯಾಂಕಿನ ಬಾಯಲ್ಲಿ ಸಣ್ಣ ಸೋರಿಕೆ ಕಂಡು ಮೆದಾರ್ದೋ ಕೊನೇ ಗಳಿಗೆಯಲ್ಲಿ ಮತ್ತೆ ಬೆಸುಗೆ ಹಾಕಿ ಅರದಿಂದ ಉಜ್ಜುತ್ತಿದ್ದ. ಕಾರು ಶೆಡ್ಡು ಬಿಡುವ ಮುಂಚೆ ಅದಕ್ಕೆ ದುಡಿದವರೆಲ್ಲ ಅದರ ಮೂತಿಯ ಮೇಲೆ ಅಂಗೈ ಇಟ್ಟು ಒಂದೊಂದು ಲೋಟ ದ್ರಾಕ್ಷಾರಸ ಕುಡಿಯಬೇಕು. ಒಂದು ಕೈ ಕಮ್ಮಿಯಾದರೂ ಕಾರು ಹೊರಡುವಂತಿಲ್ಲ.

"ಬಾ ಭಾವ, ನಿನ್ನೊಬ್ಬನ ಕೈ ಬಾಕಿ! ವೈನು ಬಿಸಿಯಾಗ್ತಾ ಇದೆ!" ಎಂದು ಕೂಗಿದವನು ನಾನು. ಅವನು ಅರ ಕೆಳಗಿಟ್ಟು ಬಂದ. ಟ್ಯಾಂಕಿನ ಮುಚ್ಚಳ ನಾನು ತಿರುಗಿಸಿ ಮುಚ್ಚಿದೆ.

ಭಾನುವಾರ ಮಧ್ಯಾಹ್ನ ಓಟದ ದಾರಿಯಲ್ಲೇ ಇದ್ದ ಫೊರ್ಮಿಜಿನೆ ಊರಿನ ತನ್ನ ಮನೆಯಲ್ಲಿ ಮೆದಾರ್ದೋ ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು ತೊರ್ತೆಲ್ಲೀನಿ ಸಾರು ಉಣ್ಣುತ್ತಿದ್ದ. ವಾರಕ್ಕೊಮ್ಮೆ ಆ ಬಟ್ಟೆಗಳನ್ನು ಒಗೆಯುವುದು ಇರೀಡೆಯ ಕೆಲಸ. ಅಂಗಳದ ಹಗ್ಗಕ್ಕೆ ಹಾಕುತ್ತಾ ಅವಳು ಕೂಗಿದಳಂತೆ:

"ಅಣ್ಣಾ, ನಾಲ್ಕೇ ಇದ್ಯಲ್ಲೋ. ಇನ್ನೊಂದು ಎಲ್ಲಿ?"

ಚಮಚ ತಟ್ಟೆಗೆ ಬಿತ್ತು. ಅವನ ಮುಖ ಸುಣ್ಣದ ಗೋಡೆಯ ಹಾಗಾಯಿತೆಂದು ಇರೀಡೆ ಇವತ್ತಿಗೂ ಹೇಳುತ್ತಾಳೆ. ಟ್ಯಾಂಕ್ ತುಂಬಿರುವಾಗ ಬಟ್ಟೆ ಎಲ್ಲೋ ಒಂದು ಮೂಲೆಯಲ್ಲಿರುತ್ತದೆ. ಪೆಟ್ರೋಲ್ ಇಳಿದಂತೆ ತಳದ ಕೊಳವೆಯ ಬಾಯಿಗೆ ಹೋಗಿ ಕೂರುತ್ತದೆ. ಬೆಟ್ಟದ ತಿರುವಿನಲ್ಲಿ, ಇನ್ನೊಂದು ಕಾರನ್ನು ದಾಟುವ ಹೊತ್ತಿಗೆ, ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಅವನು ಓಟದ ರಸ್ತೆಗೆ ಓಡಿದ, ಅವಳು ಒದ್ದೆ ಕೈಯಲ್ಲೇ ಹಿಂದೆ ಓಡಿದಳು.

ನಮ್ಮ ಕಾರನ್ನು ಓಡಿಸುತ್ತಿದ್ದವನು ಹಂದಿಮಾಂಸದ ವ್ಯಾಪಾರಿ ಕಂಪೋರಿ. ಮೆಕ್ಯಾನಿಕ್ ಆಗಿ ಪಕ್ಕದಲ್ಲಿ ನಾನು. ಮೂರನೆಯ ಜಾಗದಲ್ಲಿದ್ದೆವು. ಊರು ದಾಟಿ ಬೆಟ್ಟದ ದಾರಿ ಹಿಡಿಯಬೇಕು, ಅಷ್ಟರಲ್ಲಿ ರಸ್ತೆಯ ನಡುವೆ ಒಬ್ಬ ಮನುಷ್ಯ. ಕಂಪೋರಿ ಬ್ರೇಕ್ ತುಳಿದ, ಕಾರು ಅಡ್ಡಡ್ಡ ಜಾರಿತು, ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕಾರಿನ ಮೂತಿ ಮೆದಾರ್ದೋನ ಮೊಣಕಾಲಿಗೆ ತಾಗಿತ್ತು. ಕೊರಳಲ್ಲಿನ್ನೂ ಕರವಸ್ತ್ರ, ಅದರ ಮೇಲೆ ಸಾರಿನ ಕಲೆ.

"ಬಟ್ಟೆ... ಟ್ಯಾಂಕಲ್ಲಿ ಬಟ್ಟೆ ಇದೆ, ಓರ್ಲೆಸ್! ಇಳಿ!" ಎಂದು ನನ್ನ ಹೆಸರು ಹಿಡಿದು ಕೂಗಿದ.

"ಸಾಯೋಕೆ ಬೇರೆ ಕಾರು ಸಿಗ್ಲಿಲ್ವೇನೋ ನಿನಗೆ!" ಕಂಪೋರಿ ಕಿರುಚಿದ.

ನಾನು ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ, ಭುಜದವರೆಗೆ ತೋಳು ಇಳಿಸಿದೆ. ಪೆಟ್ರೋಲ್ ತುಳುಕದಿರಲೆಂದು ಒಳಗೆ ಮೂರು ಅಡ್ಡತಗಡುಗಳಿದ್ದವು. ಅವುಗಳಾಚೆ ಕೈ ಹೋಗಲಿಲ್ಲ. ಏನೂ ಸಿಗಲಿಲ್ಲ. ಅಷ್ಟರಲ್ಲಿ ಹನ್ನೊಂದು ಕಾರುಗಳು ನಮ್ಮನ್ನು ದಾಟಿ ಹೋದವು.

"ಏನೂ ಇಲ್ಲ ಭಾವ," ಎಂದೆ.

"ಇದೆ. ಹೋಗ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಹೋಗ್ಬೇಡ."

ಇರೀಡೆ ಬಂದು ನನ್ನ ತೋಳು ಹಿಡಿದು ನಿಂತಳು. ಕಂಪೋರಿ ಕೈಗವಸು ಕಿತ್ತು ಎಸೆದ. "ಇನ್ಯಾಕೆ ಹೋಗೋದು? ಮುಗೀತು," ಎಂದು ಕಾರು ತಿರುಗಿಸಿದ.

ಸೋಮವಾರ ಮೆದಾರ್ದೋನ ಕೆಲಸ ಹೋಯಿತು. ಊರವರು ಅವನನ್ನು ಪುಕ್ಕಲ, ತಿಕ್ಕಲ ಎಂದು ನಕ್ಕರು, 'ಕರವಸ್ತ್ರ' ಎಂದೇ ಹೆಸರಿಟ್ಟರು. ಊರಿನ ಕಾಫಿ-ಬಾರಿಗೆ ಕಾಲಿಟ್ಟರೆ ಸಾಕು, "ಮೆದಾರ್ದೋ, ನನ್ ಕಾಫೀಲಿ ನಿನ್ ಬಟ್ಟೆ ಸಿಕ್ತಪ್ಪಾ!" ಎಂದು ಯಾರಾದರೂ ಶುರುಮಾಡುತ್ತಿದ್ದರು. ಕೊನೆಗೆ ಚೀಸ್ ಮಾಡುವಲ್ಲಿ ಹಾಲಿನ ಕ್ಯಾನುಗಳಿಗೆ ಬೆಸುಗೆ ಹಾಕುವ ಕೆಲಸ ಸಿಕ್ಕಿತು. ಇರೀಡೆ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. "ನಾನು ಬಾಯಿ ಮುಚ್ಕೊಂಡು ಬಟ್ಟೆ ಒಣಹಾಕಿದ್ರೆ ಅಣ್ಣನ ಅನ್ನ ಹೋಗ್ತಿರ್ಲಿಲ್ಲ."

ನವೆಂಬರಿನಲ್ಲಿ ಏಳನೆಯ ಕಾರನ್ನು ಪೂರ್ತಿ ಬಿಚ್ಚುವ ಕೆಲಸ ನನಗೆ ಬಂತು. ಟ್ಯಾಂಕ್ ಇಳಿಸಿ, ತಳದ ತಗಡು ಕತ್ತರಿಸಿದೆ. ಕೊನೆಯ ಅಡ್ಡತಗಡಿನ ಹಿಂದೆ, ಕೊಳವೆಯ ಬಾಯಿಂದ ಎರಡು ಬೆರಳು ದೂರದಲ್ಲಿ, ಮುದುಡಿ ಬಿದ್ದಿತ್ತು ಬಟ್ಟೆ. ಕೆಂಪು ಹೊಲಿಗೆ ಹಾಗೇ ಇತ್ತು. ಆ ಹೊತ್ತಿನಲ್ಲಿ ನನಗಾದ ಭಯವನ್ನು ಏನೆಂದು ಹೇಳಲಿ? ಸತ್ತು ಆರು ತಿಂಗಳಾದ ಮೇಲೆ ಸುದ್ದಿ ತಿಳಿದಂತಾಯಿತು.

ಬಟ್ಟೆಯನ್ನು ಅಂಗಿಯೊಳಗಿಟ್ಟುಕೊಂಡು ಮೆದಾರ್ದೋನ ಬಳಿಗೆ ಹೋದೆ. ಅವನು ಅದನ್ನು ಮೂಸಿದ, ಎರಡೂ ಕೈಯಲ್ಲಿ ಹಿಂಡಿದ.

"ಭಾವ, ನಾಳೆ ಬಾರಲ್ಲಿ ಎಲ್ಲರ ಎದುರು ಇಡ್ತೀನಿ ಇದನ್ನ. ನೀನು ಹೇಳಿದ್ದೇ ನಿಜ ಅಂತ."

"ಹುಚ್ಚಾ ನಿನಗೆ? ಈಗ ನಾನು ತಿಕ್ಕಲ. ತಿಕ್ಕಲನಿಗೆ ಹಾಲಿನ ಕ್ಯಾನಾದ್ರೂ ಕೊಡ್ತಾರೆ. ಟ್ಯಾಂಕಲ್ಲಿ ಬಟ್ಟೆ ಮರೆತವನಿಗೆ ಯಾವನು ಕೊಡ್ತಾನೆ?" ಬಟ್ಟೆಯನ್ನು ಮಡಿಸುತ್ತಾ ಕೇಳಿದ, "ಮುಚ್ಚಳ ಹಾಕಿದ್ದು ಯಾರು?"

"ನಾನು."

"ಒಳಗೆ ನೋಡಿದ್ಯಾ?"

"ಇಲ್ಲ."

"ಹಾಗಾದ್ರೆ ಬಾಯ್ಮುಚ್ಕೊಂಡಿರು. ಇರೀಡೆಗೂ ಹೇಳ್ಬೇಡ."

ಇಪ್ಪತ್ತೇಳು ವರ್ಷ ಮುಚ್ಚಿಕೊಂಡೇ ಇದ್ದೆ. ಅವನ ಹೆಸರು ಕೆಟ್ಟಿತು, ನನ್ನದು ಉಳಿಯಿತು. ಬಾರಿನಲ್ಲಿ ಅವನನ್ನು ಆಡಿಕೊಂಡು ನಗುವಾಗ ನಾನೂ ತುಟಿ ಅರಳಿಸಿದ್ದುಂಟು. ಅದಕ್ಕೆ ನನಗೆ ಕ್ಷಮೆಯಿಲ್ಲ.

ಹೋದ ಚಳಿಗಾಲ ಮೆದಾರ್ದೋ ತೀರಿಕೊಂಡ. ಇರೀಡೆ ಅವನ ಸಾಮಾನಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಚ್ಚಿ, ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಹರಡಿದಳು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ನಿಂತಳು. ಐದನೆಯದೂ ಇತ್ತು, ಅದರಲ್ಲಿ ಪೆಟ್ರೋಲಿನ ಹಳದಿ ಕಲೆ. ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಸವರಿ ನನ್ನ ಮುಖ ನೋಡಿದಳು.

"ಒಳಗೇ ಇತ್ತಾ?"

ಹೌದೆಂದು ತಲೆಯಾಡಿಸಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಗಟ್ಟಿಯಾಗಿ ನನ್ನ ತೋಳು ಹಿಡಿದುಕೊಂಡಳು, ಅಂದು ರಸ್ತೆಯಲ್ಲಿ ಹಿಡಿದ ಜಾಗದಲ್ಲೇ.

"ಆವತ್ತು ನಾನು ಎಣಿಸದೇ ಒಣಹಾಕಿದ್ರೆ, ಓರ್ಲೆಸ್?" ಎಂದಳು.