ಹಲಸಿನ ಅಂಟು

ದೇವಿಕೊಪ್ಪದ ನನ್ನ ಗಂಡನ ಮನೆಯ ಹಿತ್ತಲಲ್ಲಿ ಒಂದು ಹಲಸಿನ ಮರವಿತ್ತು. ಎಲೆ ಆಡಿನ ಮೇವಿಗೆ, ಬೀಜ ಸಾರಿಗೆ, ಗಾಳಿಗೆ ಮುರಿದ ದಪ್ಪ ಕೊಂಬೆ ಬಾಗಿಲ ಚೌಕಟ್ಟಿಗೆ. ಕಾಯಿಯ ಅಂಟನ್ನೂ ಅತ್ತೆ ಬಿಡುತ್ತಿರಲಿಲ್ಲ. ಕಡ್ಡಿಗೆ ಸುತ್ತಿಟ್ಟುಕೊಂಡು, ಸೀಳು ಬಿಟ್ಟ ಗಡಿಗೆಗೆ ಕಾಸಿ ಮೆತ್ತುತ್ತಿದ್ದರು. ನಾನು ಎರೆಮಣ್ಣಿನ ಬಯಲಿನ ಯರಗುಪ್ಪಿಯವಳು, ನಮ್ಮಲ್ಲಿ ಹಲಸಿನ ಮರವಿಲ್ಲ. ಸಂತೆಯಲ್ಲಿ ಬಿಡಿಸಿಟ್ಟ ತೊಳೆ ತಿಂದಿದ್ದೆ, ಅಷ್ಟೇ.

"ಎರಿ ನಾಡಿನಾಕಿ. ಹಲಸಿನಹಣ್ಣ ಮುಂದಿಟ್ರ ಯಾವ ಕಡಿಂದ ಕೊಯ್ಯೂದಂತ ಕೇಳ್ತಾಳ," ಎಂದು ಅತ್ತೆ ಬಾವಿಯ ಹತ್ತಿರ ನಕ್ಕದ್ದು ನನ್ನ ಕಿವಿಗೆ ಬಿತ್ತು. ಮೈಯೆಲ್ಲ ಉರಿಯಿತು. ಎಂಬತ್ತರ ದಶಕದ ಆರಂಭ, ಮದುವೆಯಾಗಿ ಎರಡು ವರ್ಷ. ಎದುರಾಡುವ ಧೈರ್ಯವಿರಲಿಲ್ಲ, ಕೊಯ್ದೇ ತೋರಿಸುತ್ತೇನೆ ಅಂದುಕೊಂಡೆ.

ಮರುದಿನ ಅತ್ತೆ ಹೊಲಕ್ಕೆ ಬುತ್ತಿ ಒಯ್ದಾಗ ಒಂದು ಹಣ್ಣು ಮುಂದಿಟ್ಟುಕೊಂಡು ಕುಡಗೋಲು ಹಿಡಿದು ಕೂತೆ. ಕೈಗೆ ಎಣ್ಣೆ ಹಚ್ಚಬೇಕೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಿಳಿ ಅಂಟು ನೆಲದ ಮೇಲೆಲ್ಲ ಇಳಿಯಿತು. ಅಂಬೆಗಾಲಿಡುತ್ತ ಬಂದ ಮಗಳು ಅದರಲ್ಲಿ ಕೈಯಿಟ್ಟು ಕಣ್ಣುಜ್ಜಿಕೊಂಡಳು. ಎಡಗಣ್ಣಿನ ರೆಪ್ಪೆಗಳು ಕೂಡಿಕೊಂಡುಬಿಟ್ಟವು.

ನಮ್ಮೂರ ಎರೆಮಣ್ಣೂ ಅಂಟುತ್ತದೆ, ಆದರೆ ನೀರಿಗೆ ಬಿಡುತ್ತದೆ. ನಾನು ನೀರು ಸುರಿದೆ. ಅಂಟು ಇನ್ನಷ್ಟು ಗಟ್ಟಿಯಾಯಿತು. ಬೆರಳಿಂದ ಎಳೆದೆ; ನಾಲ್ಕು ಕೂದಲು ಕಿತ್ತು ಬಂದವು, ಕೂಸು ಕಿರುಚಿತು. ಕಣ್ಣು ಹೋಯಿತೆಂದೇ ನಂಬಿ ನಾನೂ ಕಿರುಚಿದೆ.

ಹೊಲದಿಂದ ಆಗಷ್ಟೇ ಮರಳಿದ್ದ ಅತ್ತೆ ಅಂಗಳದಿಂದಲೇ ಓಡಿ ಬಂದರು. "ಏನ ಹಾಕಿದಿ ಬೇ?"

"ನೀರು ಹಾಕೀನ್ರಿ..."

"ನೀರಿಗೆ ಬಿಡತೈತೇನ ಅದು? ಔಡಲೆಣ್ಣಿ ತಾ, ಲಗೂನ!"

ಅರಳೆಯನ್ನು ಹರಳೆಣ್ಣೆಯಲ್ಲಿ ಅದ್ದಿ ಒಂದೊಂದೇ ಕೂದಲನ್ನು ಬಿಡಿಸತೊಡಗಿದರು. ನಾನು ಮಗಳ ತಲೆ ಅಲುಗದಂತೆ ಹಿಡಿದುಕೊಂಡಿದ್ದೆ. ಒಲೆಯ ಮೇಲೆ ಬೇಳೆ ಸೀದ ವಾಸನೆ ಬಂತು, ಇಬ್ಬರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ರೆಪ್ಪೆಗಳು ಬಿಟ್ಟುಕೊಂಡವು. ಒಳಗೆ ಕಣ್ಣು ಕೆಂಪಾಗಿತ್ತು, ಆದರೆ ಅತ್ತೆಯ ಬೆರಳು ಆಚೀಚೆ ಹೋದಂತೆ ಹೊರಳುತ್ತಿತ್ತು. ನಾನು ಮಗಳನ್ನು ಎದೆಗವಚಿಕೊಂಡು ಅಳತೊಡಗಿದೆ.

ಸಂಜೆ ಗಂಡ ಬಂದವರೇ ಮಗಳ ಮುಖ ನೋಡಿ, "ಏನಾತು ಕಣ್ಣಿಗೆ?" ಎಂದರು.

"ನಾನ ಹಲಸು ಕೊಯ್ಯಾಕತ್ತಿದ್ದೆ. ಲಕ್ಷ್ಯ ಇರಲಿಲ್ಲ, ಕೂಸು ಕೈ ಹಾಕ್ತು," ಎಂದರು ಅತ್ತೆ.

"ಇಷ್ಟ ವಯಸ್ಸಾತು, ಅಷ್ಟೂ ತಿಳಿಯಂಗಿಲ್ಲೇನ ಯವ್ವಾ ನಿನಗ?" ಎಂದು ಮಗ ಮನೆ ಹಾರಿಹೋಗುವಂತೆ ಕೂಗಾಡಿದರು. ಅತ್ತೆ ತಲೆ ತಗ್ಗಿಸಿ, ಎಣ್ಣೆಗೈಯಲ್ಲಿ ಉಳಿದ ಹಣ್ಣನ್ನು ಬಿಡಿಸುತ್ತಿದ್ದರು. ಅವರು ಮೊದಲ ತೊಳೆಯನ್ನು ನನ್ನ ಕೈಗೆ ಕೊಟ್ಟರು. ಗಂಡ ಇನ್ನೂ ಬೈಯುತ್ತಿದ್ದರು, ನಾನು ತಿಂದೆ.