ನನ್ನ ಬೇಸ್‌ಬಾಲ್ ಕಾರ್ಡುಗಳು, ನಮ್ಮವರ ಸನ್ಮಾನ

ದೋಹಾದಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಕೂಡಿಡುವ ಮೈಸೂರಿನ ಹೆಂಗಸು ನಾನೊಬ್ಬಳೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಕೋಪದಿಂದ ಹೇಳುತ್ತಿದ್ದೇನೆ. ಐನ್ ಖಾಲಿದ್‌ನ ನಮ್ಮ ಮನೆಗೆ ಬಂದವರೆಲ್ಲ ಗಾಜಿನ ಕಪಾಟಿನ ಮುಂದೆ ನಿಲ್ಲುತ್ತಾರೆ, ಕಾರ್ಡುಗಳನ್ನು ನೋಡುತ್ತಾರೆ, ಆಮೇಲೆ ನನ್ನ ಗಂಡನ ಕಡೆ ತಿರುಗಿ ಭಾರಿ ಸಂಗ್ರಹ ಸಾರ್ ಎನ್ನುತ್ತಾರೆ. ನನ್ನ ಕಡೆ ತಿರುಗಿ ಕಾಫಿ ಚೆನ್ನಾಗಿದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಾಫಿ ಮಾಡುವವರು ನನ್ನ ಗಂಡ.

ಈ ಹುಚ್ಚು ನನಗೆ ಹಿಡಿದದ್ದು ಒಂದು ಟೇಬಲ್ ಲ್ಯಾಂಪಿನ ದೆಸೆಯಿಂದ. ಇಲ್ಲಿ ಕೆಲಸ ಮುಗಿಸಿ ಊರಿಗೆ ಹೊರಟವರು ಮನೆಯ ಸಾಮಾನನ್ನೆಲ್ಲ ಮಾರಿ ಹೋಗುತ್ತಾರೆ. ಹಾಗೆ ಹೊರಟಿದ್ದ ಅಮೆರಿಕದ ಮುದುಕಿಯೊಬ್ಬರ ಮನೆಗೆ ಲ್ಯಾಂಪ್ ನೋಡಲು ಹೋಗಿದ್ದೆ. ಅದರ ಪಕ್ಕದಲ್ಲಿ ಬೂಟಿನ ಡಬ್ಬಿಯೊಂದರಲ್ಲಿ ಈ ಕಾರ್ಡುಗಳಿದ್ದವು. ಅವರ ಅಣ್ಣ ಚಿಕ್ಕಂದಿನಲ್ಲಿ ಬಬಲ್‌ಗಮ್ ಪೊಟ್ಟಣದಲ್ಲಿ ಸಿಗುತ್ತಿದ್ದವುಗಳನ್ನು ಜೋಪಾನ ಮಾಡಿದ್ದನಂತೆ. ಕೆಲವು ಕಾರ್ಡುಗಳ ಬೆನ್ನಿಗೆ ಗಮ್ಮಿನ ಕಂದು ಕಲೆ ಇನ್ನೂ ಇತ್ತು. ಮುಂದೆ ಟೋಪಿ ಹಾಕಿದ ಒಬ್ಬ ಆಟಗಾರನ ಬಣ್ಣದ ಚಿತ್ರ, ಹಿಂದೆ ಅವನ ಆಟದ ಲೆಕ್ಕ, ಅದರ ಕೆಳಗೆ ಅವನ ಬಗ್ಗೆ ಒಂದೆರಡು ಸಾಲು. ಬೇಸ್‌ಬಾಲ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಆದರೆ ನಾನು ಎತ್ತಿಕೊಂಡ ಮೊದಲ ಕಾರ್ಡಿನ ಹಿಂದೆ, ಈತ ಚಳಿಗಾಲದಲ್ಲಿ ಮೊಳೆ, ಬೀಗ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ ಎಂದಿತ್ತು. ಆ ಕಾಲದಲ್ಲಿ ಆಟದ ಸಂಬಳ ವರ್ಷವಿಡೀ ಸಾಲುತ್ತಿರಲಿಲ್ಲ, ಆಟಗಾರರು ಬಿಡುವಿನ ತಿಂಗಳುಗಳಲ್ಲಿ ಅಂಗಡಿಗೋ ಕಾರ್ಖಾನೆಗೋ ಹೋಗುತ್ತಿದ್ದರು ಎಂದು ಆಕೆ ವಿವರಿಸಿದರು. ನಾನು ಲ್ಯಾಂಪ್ ಬಿಟ್ಟು ಡಬ್ಬಿ ತಂದೆ.

ಅಲ್ಲಿಂದ ನಾನೇ ಓದಿ, ನಾನೇ ಹುಡುಕಿ, ನನ್ನ ಲುಸೈಲ್ ಆಫೀಸಿನ ಸಂಬಳದಲ್ಲಿ ನಾನೇ ತರಿಸಿ ಬೆಳೆಸಿದ ಸಂಗ್ರಹ ಇದು. ಈ ಹವ್ಯಾಸದವರು ಹೆಸರಾಂತ ಆಟಗಾರರ ಕಾರ್ಡಿಗೆ ಬಾಯಿ ಬಿಡುತ್ತಾರೆ, ಉಳಿದವರನ್ನೆಲ್ಲ ‘ಕಾಮನ್’ ಎಂದು ಪಕ್ಕಕ್ಕೆ ತಳ್ಳುತ್ತಾರೆ. ಆ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ವರ್ಷಗಟ್ಟಲೆ ಬಸ್ಸಿನಲ್ಲಿ ಊರೂರು ಸುತ್ತಿ, ಮೂಗು ಮುರಿಸಿಕೊಂಡು, ಕೊನೆಗೆ ಒಂದೇ ಒಂದು ಋತುವಿನಲ್ಲಿ ದೊಡ್ಡ ಮೈದಾನಕ್ಕೆ ಕಾಲಿಟ್ಟವನು ಯಾವ ಲೆಕ್ಕದಲ್ಲಿ ಕಾಮನ್? ನಾನು ಕಾಮನ್‌ಗಳನ್ನೇ ಕೂಡಿಸಿದೆ. ಒಬ್ಬೊಬ್ಬನೂ ಆಟ ಬಿಟ್ಟ ಮೇಲೆ ಏನಾದ ಎಂದು ಹುಡುಕಿ ತಿಳಿದುಕೊಂಡೆ. ಇಲ್ಲಿಯ ಆಗಸ್ಟಿನ ತೇವಕ್ಕೆ ರಟ್ಟು ಸೊಟ್ಟಗಾಗುತ್ತದೆಂದು, ಹೊಸ ಬೂಟು, ಬ್ಯಾಗುಗಳ ಜೊತೆ ಬರುವ ತೇವ ಹೀರುವ ಚಿಕ್ಕ ಚೀಲಗಳನ್ನೆಲ್ಲ ಒಟ್ಟುಮಾಡಿ ಕಪಾಟಿನಲ್ಲಿ ಇಟ್ಟೆ. ರಜೆಗೆ ಊರಿಗೆ ಹೋದಾಗಲೂ ಆ ಕೋಣೆಯ ಎಸಿ ಆರಿಸುವುದಿಲ್ಲ.

ನಮ್ಮವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಮುಶೈರಿಬ್‌ನ ಕಾಫಿ ಅಂಗಡಿಯಲ್ಲಿ ಸಂಗ್ರಾಹಕರು ಸೇರುವ ದಿನ ಜೊತೆಗೆ ಬರುತ್ತಾರೆ. ಕಾರ್ಡು ತಂದವನು ಅವರ ಕಡೆಯೇ ಮುಖ ಮಾಡಿ ಮೂಲೆ ಸವೆದಿಲ್ಲ, ಬಣ್ಣ ಮಾಸಿಲ್ಲ ಎಂದು ಹೇಳುತ್ತಿದ್ದರೆ ಇವರು ಹೂಂ ಹೂಂ ಎನ್ನುತ್ತಾ ಫೋನು ನೋಡುತ್ತಾರೆ. ಕಾರ್ಡನ್ನು ಬೆಳಕಿಗೆ ಹಿಡಿದು ಸವೆದ ಅಂಚನ್ನು ಕತ್ತರಿಸಿ ಹೊಸದರಂತೆ ಮಾಡಿದ್ದಾರೆಯೇ ಎಂದು ಪರೀಕ್ಷೆ ಮಾಡುವವಳು ನಾನು. ‘ಇದು ಅವಳದ್ದು’ ಎನ್ನುವ ಎರಡು ಪದ ಹೇಳಲು ನಿಮಗೇನು ಕಷ್ಟ ಎಂದು ಮನೆಗೆ ಬಂದು ಕೇಳಿದರೆ, ಸಿಕ್ಕವರಿಗೆಲ್ಲ ವಿವರಿಸುತ್ತಾ ಕೂರುವುದಕ್ಕಾಗುತ್ತದೆಯೇ ಎನ್ನುತ್ತಾರೆ.

ಕಳೆದ ನವೆಂಬರಿನಲ್ಲಿ ಸುತ್ತಮುತ್ತಲ ಕನ್ನಡದ ಕುಟುಂಬಗಳು ಸೇರಿ ರಾಜ್ಯೋತ್ಸವ ಮಾಡಿದವು. ಒಬ್ಬರ ವಿಲ್ಲಾದಲ್ಲಿ ಅತಿಥಿಗಳನ್ನು ಕೂರಿಸುವ ದೊಡ್ಡ ಮಜ್ಲಿಸ್ ಇತ್ತು, ಅಲ್ಲೇ ವೇದಿಕೆ. ಮೂಲೆಯಲ್ಲಿ ಹವ್ಯಾಸಗಳ ಪ್ರದರ್ಶನಕ್ಕೆ ಒಂದು ಮೇಜು ಕೊಡುತ್ತೇವೆ, ಕಾರ್ಡುಗಳನ್ನು ತನ್ನಿ ಎಂದು ಕಾರ್ಯಕ್ರಮದ ಉಸ್ತುವಾರಿ ಹೊತ್ತವರು ಕರೆದರು. ಸಂಗ್ರಹ ನನ್ನದು, ನನ್ನ ಹೆಸರು ಹಾಕುವುದಾದರೆ ತರುತ್ತೇನೆ ಎಂದು ನಾನು ಬಾಯಿಬಿಟ್ಟು ಹೇಳಿದೆ. ಖಂಡಿತ ಎಂದರು. ಆಟಗಾರರ ಕತೆಗಳನ್ನು ಕನ್ನಡದಲ್ಲಿ ಚೀಟಿಗಳ ಮೇಲೆ ಬರೆದು ಒಂದೊಂದು ಕಾರ್ಡಿನ ಕೆಳಗೂ ಇಡಲು ಸಿದ್ಧಮಾಡಿಕೊಂಡೆ. ನನಗೆ ಬೇಕಿದ್ದದ್ದು ಹಾರವಲ್ಲ, ತುರಾಯಿಯಲ್ಲ. ಈ ಒಂದು ಕೆಲಸ ನನ್ನದು ಎಂದು ನಾಲ್ಕು ಜನರಿಗೆ ಒಂದು ಸಲ ಗೊತ್ತಾಗಬೇಕಿತ್ತು, ಅಷ್ಟೆ.

ಹೋಗಿ ನೋಡಿದರೆ ಮೇಜಿನ ಮೇಲೆ ಬ್ಯಾನರು. ‘ಶ್ರೀಮತಿ ಮತ್ತು ಶ್ರೀ’ ಎಂದು ಶುರುವಾಗಿ ನನ್ನ ಗಂಡನ ಹೆಸರಿನಲ್ಲಿ ಮುಗಿದಿತ್ತು. ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿಸುವ ಹಾಗೆ. ಉಸ್ತುವಾರಿಯವರನ್ನು ಹಿಡಿದು ಕೇಳಿದೆ.

“ಶ್ರೀಮತಿ ಅಂತ ಮೊದ್ಲೇ ಹಾಕಿದೀವಲ್ಲ ಮೇಡಂ, ಅದು ನೀವೇ ಅಲ್ವಾ?” ಎಂದರು ಅವರು.

ಕುಹಕವಲ್ಲ, ಮನುಷ್ಯ ನಿಜಕ್ಕೂ ನನಗೆ ಮರ್ಯಾದೆ ಕೊಟ್ಟೆ ಎಂದುಕೊಂಡಿದ್ದರು. ಅದಕ್ಕೇ ನನಗೆ ಇನ್ನಷ್ಟು ರೇಗಿತು. ನಾನು ಬ್ಯಾಗಿನಿಂದ ಪೆನ್ನು ತೆಗೆದು ಬ್ಯಾನರಿನ ಮೇಲೇ ನನ್ನ ಹೆಸರು ಬರೆಯಲು ಹೋದೆ. ಆ ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಮೂಡಲಿಲ್ಲ.

ಅಷ್ಟರಲ್ಲಿ ವೇದಿಕೆಯಿಂದ ನಮ್ಮವರನ್ನು ಕರೆದರು. ದಂಪತಿಗಳು ಬರಬೇಕು ಎಂದು ಮೈಕಿನಲ್ಲಿ ಕೂಗಿದ್ದರಿಂದ ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಅವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ತಲೆಗೆ ಮೈಸೂರು ಪೇಟ ಇಟ್ಟರು. ನನಗೆ ಅರಿಶಿನ ಕುಂಕುಮದ ಜೊತೆ ಒಂದು ಬ್ಲೌಸ್ ಪೀಸ್ ಸಿಕ್ಕಿತು. ಎಲ್ಲರೂ ಫೋನೆತ್ತಿ ಫೋಟೋ ಹೊಡೆದರು. ಬೇಸ್‌ಬಾಲ್ ಬಗ್ಗೆ ಎರಡು ಮಾತಾಡಿ ಎಂದು ಮೈಕನ್ನು ಅವರ ಕೈಗೆ ಕೊಟ್ಟರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಗಂಟಲು ಸರಿಮಾಡಿಕೊಂಡು, ನಿಜ ಹೇಳಬೇಕೆಂದರೆ ನನಗೆ ಈ ಆಟ ಗೊತ್ತಿಲ್ಲ, ಕಾರ್ಡುಗಳ ವಿಷಯ ಎಲ್ಲ ನಮ್ಮ ಮನೆಯವರಿಗೇ ಗೊತ್ತಿರುವುದು ಎಂದರು. ನನ್ನ ಜೀವ ಒಂದು ಕ್ಷಣ ತಂಪಾಯಿತು. ಆದರೆ ಕೆಳಗೆ ಕೂತವರೆಲ್ಲ ನಕ್ಕರು, ಚಪ್ಪಾಳೆ ತಟ್ಟಿದರು. ನಿರೂಪಣೆ ಮಾಡುತ್ತಿದ್ದ ಹೆಂಗಸು ಇನ್ನೊಂದು ಮೈಕಿನಲ್ಲಿ, “ನೋಡಿ, ಇಷ್ಟು ದೊಡ್ಡ ಸಂಗ್ರಹ ಮಾಡಿಯೂ ಎಂಥ ವಿನಯ ಸಾರ್‌ದು!” ಎಂದರು. ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಗಂಡಸು ತನಗೆ ಗೊತ್ತಿಲ್ಲ ಎಂದರೆ ಅದು ವಿನಯವಂತೆ!

ಅವರು ಇನ್ನೊಂದು ಸಲ ಹೇಳಬಹುದಿತ್ತು. ಮೈಕು ಕೈಯಲ್ಲೇ ಇತ್ತು. ಹಾರದ ಭಾರಕ್ಕೋ ಚಪ್ಪಾಳೆಯ ಭಾರಕ್ಕೋ ತಲೆ ಬಗ್ಗಿಸಿ ಎಲ್ಲರಿಗೂ ಕೈ ಮುಗಿದರು.

ನಾನು ಮೈಕನ್ನು ಅವರ ಕೈಯಿಂದ ತೆಗೆದುಕೊಂಡೆ. ಆ ಮೊಳೆ ಅಂಗಡಿಯ ಆಟಗಾರನ ಕತೆ ಹೇಳಿದೆ. ಅವನು ನಮ್ಮ ವಿಕೆಟ್ ಕೀಪರ್ ಹಾಗೆ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುತ್ತಿದ್ದವನು, ಬೆರಳುಗಳೆಲ್ಲ ಸೊಟ್ಟಗಾಗಿದ್ದವು, ಒಂದು ಋತು ಆಡಿ ಮತ್ತೆ ಅಂಗಡಿಗೇ ಹೋಗಿ ನಿಂತ, ಅಲ್ಲಿಗೆ ಬಂದ ಗಿರಾಕಿಗಳಿಗೆ ಅವನು ಯಾರೆಂದು ಗೊತ್ತೇ ಇರಲಿಲ್ಲ ಎಂದೆ. ಮಜ್ಲಿಸ್‌ನಲ್ಲಿದ್ದವರೆಲ್ಲ ಕಿವಿಗೊಟ್ಟು ಕೇಳಿದರು. ಕೆಳಗಿಳಿದಾಗ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಬಂದು ನಮ್ಮವರ ಕೈ ಕುಲುಕಿದರು.

“ಮೇಡಂಗೂ ಎಷ್ಟು ಚೆನ್ನಾಗಿ ಕಲಿಸಿಕೊಟ್ಟಿದೀರಿ ಸಾರ್,” ಎಂದರು.

ನಾನು ಸೀದಾ ಮೇಜಿನ ಹತ್ತಿರ ಹೋಗಿ ಕಾರ್ಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದೆ. ಪ್ರದರ್ಶನ ಇನ್ನೂ ಇದೆ, ಊಟ ಆಗಿಲ್ಲ ಎಂದು ಉಸ್ತುವಾರಿಯವರು ಓಡಿ ಬಂದರು. ಖಲಾಸ್ ಎಂದೆ. ಅವರು ನನ್ನನ್ನು ಬಿಟ್ಟು, ಏನಾದರೂ ಹೇಳಿ ಸಾರ್ ಎಂದು ನಮ್ಮವರ ಬೆನ್ನುಹತ್ತಿದರು. ಬ್ಯಾನರನ್ನು ಅಲ್ಲೇ ಬಿಟ್ಟು ಹೊರಬಂದೆ.

ಕಾರು ಓಡಿಸಿದ್ದು ನಾನು. ಪಕ್ಕದಲ್ಲಿ ಅವರು ಶಾಲು, ಹಾರ ಸಮೇತ ಕೂತಿದ್ದರು, ಬುಟ್ಟಿ ತೊಡೆಯ ಮೇಲಿತ್ತು. ಎರಡು ಸಿಗ್ನಲ್ ದಾಟಿದೆವು.

“ಹೇಳಿದ್ನಲ್ಲೇ ನಾನು,” ಎಂದರು ಕೊನೆಗೆ. “ಎಲ್ಲರ ಮುಂದೇನೇ ಹೇಳ್ದೆ. ಅವರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?”

“ಹೇಳಿದ್ರಿ,” ಎಂದೆ. “ಆದ್ರೆ ಪೇಟ ತೆಗೆದು ಹೇಳ್ಲಿಲ್ಲ.”

ಅವರ ಕೈ ತಲೆಗೆ ಹೋಯಿತು. ಪೇಟ ಇನ್ನೂ ಅಲ್ಲೇ ಇತ್ತು.